ಮುಂಬಾಗಿಲ ಪಕ್ಕದ ಕುರ್ಚಿ

ನನ್ನ ಕ್ಲಿನಿಕ್ಕಿನ ಗೋಡೆಗಳ ಮೇಲೆ ಮಗುವಿನ ಚಿತ್ರ ಒಂದೂ ಇಲ್ಲ. ಔಷಧಿ ಕಂಪನಿಯವರು ಹೊಸ ವರ್ಷಕ್ಕೆ ತಂದುಕೊಡುವ, ಕೆನ್ನೆ ಉಬ್ಬಿದ ಮಕ್ಕಳ ಕ್ಯಾಲೆಂಡರುಗಳು ನೇರವಾಗಿ ಹಿಂದಿನ ರೂಮಿಗೆ ಹೋಗುತ್ತವೆ. ಮಲ್ಲೇಶ್ವರದಲ್ಲಿ, ಸಂಪಿಗೆ ರಸ್ತೆಯಿಂದ ಎರಡು ತಿರುವು ಒಳಗೆ, ಹಳೆಯ ಮನೆಯೊಂದರಲ್ಲಿ ನಾನು ಮಕ್ಕಳಾಗದವರಿಗೆ ಚಿಕಿತ್ಸೆ ಕೊಡುತ್ತೇನೆ. ಕೆಳಗೆ ಕ್ಲಿನಿಕ್ಕು, ಮಹಡಿಯ ಮೇಲೆ ಲ್ಯಾಬು. ಅಲ್ಲಿ ನಾನೇ ಮಾಡಿದ ಕೆಲವು ನಿಯಮಗಳಿವೆ. ಬಂಜೆ ಎನ್ನುವ ಮಾತನ್ನು ಯಾರೂ ಆಡಬಾರದು. "ಫೇಲ್ ಆಯ್ತು" ಎನ್ನಬಾರದು, "ಈ ಸಲ ನಿಲ್ಲಲಿಲ್ಲ" ಎನ್ನಬೇಕು. ಗರ್ಭ ನಿಂತವರು ಪೇಡೆ ಡಬ್ಬಿ ತಂದರೆ ಹಿಂಬಾಗಿಲಿನಿಂದ ತರಬೇಕು, ಕಾಯುವವರು ಕೂತಿರುವ ಹಾಲಿನಲ್ಲಿ ಹಂಚುವಂತಿಲ್ಲ. ಅಲ್ಲಿರುವ ಹೆಚ್ಚಿನವರಿಗೆ ಆ ಪೇಡೆ ಗಂಟಲಲ್ಲಿ ಇಳಿಯುವುದಿಲ್ಲ.

ಇಷ್ಟೆಲ್ಲ ಸೂಕ್ಷ್ಮ ಬಲ್ಲವಳೆಂದು ಬೀಗುತ್ತಿದ್ದ ನಾನು ಎರಡು ವರ್ಷದ ಹಿಂದೆ ಒಂದು ತಪ್ಪು ಮಾಡಿದೆ. ಅದನ್ನು ಹೇಳಬೇಕಾದರೆ ನನ್ನ ದೊಡ್ಡಮ್ಮನಿಂದ ಶುರು ಮಾಡಬೇಕು.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಚಾಮರಾಜಪೇಟೆಯ ಶಾಲೆಯೊಂದರಲ್ಲಿ ಮೇಡಂ ಆಗಿದ್ದಳು. ಕನ್ನಡ ಮತ್ತು ಲೆಕ್ಕ ಎರಡೂ ಹೇಳಿಕೊಡುತ್ತಿದ್ದಳು. ದೊಡ್ಡಪ್ಪ ಸರ್ಕಾರಿ ಆಫೀಸಿನಲ್ಲಿ ಗುಮಾಸ್ತರು, ಮಾತು ಕಡಿಮೆ, ನಗು ಜಾಸ್ತಿ. ಅವರಿಗೆ ಮಕ್ಕಳಿರಲಿಲ್ಲ. ನನ್ನ ಅಮ್ಮನಿಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಪಾಳಿಯ ಕೆಲಸ. ಹಾಗಾಗಿ ಶಾಲೆ ಬಿಟ್ಟ ಮೇಲೆ ನಾನು ಹೋಗುತ್ತಿದ್ದದ್ದು ನಮ್ಮ ಮನೆಗಲ್ಲ, ಪಕ್ಕದ ಬೀದಿಯಲ್ಲಿದ್ದ ದೊಡ್ಡಮ್ಮನ ಮನೆಗೆ. ಅಲ್ಲೇ ತಿಂಡಿ, ಅಲ್ಲೇ ಪಾಠ, ಎಷ್ಟೋ ಸಲ ಅಲ್ಲೇ ನಿದ್ದೆ.

ಹುಣಸೆಬೀಜ ಎಣಿಸಿ ಕೂಡುವ ಲೆಕ್ಕ ಕಲಿಸಿದವಳು ಅವಳು. ತಪ್ಪು ಬರೆದರೆ ಬಯ್ಯುತ್ತಿರಲಿಲ್ಲ. ಉತ್ತರ ಬರೆಯದೆ ಜಾಗ ಖಾಲಿ ಬಿಟ್ಟರೆ ಮಾತ್ರ ಕಣ್ಣು ಕೆಂಪಾಗುತ್ತಿತ್ತು.

"ಗೊತ್ತಿಲ್ದೆ ಇದ್ರೆ ಗೊತ್ತಿಲ್ಲ ಅಂತ ಬರಿ," ಎನ್ನುತ್ತಿದ್ದಳು. "ಖಾಲಿ ಬಿಟ್ರೆ ನೀನು ಯೋಚ್ನೇನೇ ಮಾಡ್ಲಿಲ್ಲ ಅಂತ ಅರ್ಥ."

ನನಗೆ ಒಂಬತ್ತು ವರ್ಷವಾಗಿದ್ದಾಗ ಅಜ್ಜಿಯ ಮನೆಯಲ್ಲಿ ಚಿಕ್ಕಮ್ಮನ ಸೀಮಂತ ನಡೆಯಿತು. ಹಸಿರು ಬಳೆಗಳನ್ನು ಅಂಗಡಿ ಅಂಗಡಿ ಸುತ್ತಿ ಆರಿಸಿ ತಂದವಳು ದೊಡ್ಡಮ್ಮ. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಪುಳಿಯೋಗರೆ, ಚಿತ್ರಾನ್ನ, ಹೋಳಿಗೆ ಮಾಡಿದವಳೂ ಅವಳೇ. ಮಡಿಲು ತುಂಬುವ ಹೊತ್ತಿಗೆ ಕೈ ತೊಳೆದು, ಸೆರಗು ಸರಿಮಾಡಿಕೊಂಡು ಹೊರಗೆ ಬಂದು, ಉಳಿದ ಹೆಂಗಸರ ಜೊತೆ ಸಾಲಿನಲ್ಲಿ ನಿಂತಳು. ಅಜ್ಜಿ ಮೆಲ್ಲಗೆ ಬಂದು ಅವಳ ಮೊಣಕೈ ಮುಟ್ಟಿ, "ನೀನು ಒಳಗೆ ಕಾಫಿ ನೋಡ್ಕೋಮ್ಮ," ಎಂದಳು. ಅಷ್ಟೇ. ದನಿ ಎತ್ತಲಿಲ್ಲ, ಮುಖ ಗಂಟಿಕ್ಕಲಿಲ್ಲ. ಯಾರಿಗೂ ಕೇಳಿಸದ ಹಾಗೆ ಹೇಳಿದ್ದನ್ನೇ ಒಳ್ಳೆಯತನ ಎಂದುಕೊಂಡಿದ್ದಳೋ ಏನೋ.

ದೊಡ್ಡಮ್ಮ ಒಳಗೆ ಹೋದಳು. ನಾನು ಹಿಂದೆಯೇ ಹೋದೆ. ಅಲ್ಲಿ ನೋಡಿಕೊಳ್ಳುವುದಕ್ಕೆ ಏನೂ ಇರಲಿಲ್ಲ. ಡಿಕಾಕ್ಷನ್ ಆಗಲೇ ಇಳಿದಿತ್ತು, ಹಾಲು ಕಾದು ಮುಚ್ಚಿಟ್ಟಾಗಿತ್ತು. ಅವಳು ಹಿತ್ತಾಳೆಯ ಫಿಲ್ಟರನ್ನೇ ನೋಡುತ್ತಾ ನಿಂತಿದ್ದಳು. ನನ್ನನ್ನು ಕಂಡ ತಕ್ಷಣ ಒಂದು ಹೋಳಿಗೆ ಮಡಿಸಿ ಕೈಗಿಟ್ಟು, "ತಿನ್ನು, ಬಿಸಿ ಇದೆ," ಎಂದಳು. ಹೊರಗಿನಿಂದ ಆರತಿ ಹಾಡು ಕೇಳಿಸುತ್ತಿತ್ತು. ಅಜ್ಜಿಯ ಮೇಲೆ ಅವತ್ತು ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಈ ವಿಭಾಗವನ್ನೇ ಯಾಕೆ ಆರಿಸಿಕೊಂಡಿರಿ ಎಂದು ಕೇಳುವವರಿಗೆ ನಾನು ಏನೇನೋ ಹೇಳುತ್ತೇನೆ. ಓದಿದ್ದು, ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ದುಡಿದದ್ದು, ಬೇರೆ ಊರಿಗೆ ಹೋಗಿ ಭ್ರೂಣಗಳ ಕೆಲಸ ಕಲಿತು ಬಂದದ್ದು. ಎಲ್ಲ ನಿಜವೇ. ಆದರೆ ನನ್ನ ಮನಸ್ಸಿನಲ್ಲಿ ಇದ್ದದ್ದು ಆ ಅಡುಗೆಮನೆ. ಆ ಬಾಗಿಲಿನಿಂದ ಒಬ್ಬಳನ್ನಾದರೂ ಹೊರಗೆ ಕರೆದುಕೊಂಡು ಬರಬೇಕು ಅನ್ನಿಸುತ್ತಿತ್ತು.

ಕ್ಲಿನಿಕ್ಕು ತೆರೆದಾಗ ಹೊಸ ರೋಗಿಗಳು ತುಂಬಿಕೊಡುವ ಅರ್ಜಿಯನ್ನು ನಾನು ಕನ್ನಡದಲ್ಲೇ ಬರೆದೆ. ಒಂದೇ ಹಾಳೆ. ಹೆಸರು, ವಯಸ್ಸು, ಮದುವೆಯಾಗಿ ಎಷ್ಟು ವರ್ಷ, ಉದ್ಯೋಗ, ಮಕ್ಕಳು, ಹಿಂದಿನ ಚಿಕಿತ್ಸೆ, ಗಂಡನ ಪರೀಕ್ಷೆ. ಒಂದು ಮಗುವಾಗಿ ಎರಡನೆಯದಕ್ಕೆ ಒದ್ದಾಡುವವರೂ ಬರುವುದರಿಂದ ಮಕ್ಕಳ ಸಾಲು ಬೇಕೇ ಬೇಕು. ಗಂಡನ ಪರೀಕ್ಷೆಯ ಸಾಲು ನನ್ನ ಹಟ. "ನಂದೇನೂ ಪ್ರಾಬ್ಲಂ ಇಲ್ಲ ಮೇಡಂ, ಇವಳದ್ದು ನೋಡಿ," ಎಂದು ಎದೆ ಸೆಟೆಸಿ ಬರುವ ಗಂಡಸರನ್ನು ನಾನು ಮೊದಲು ಕಳಿಸುವುದು ಲ್ಯಾಬಿಗೆ. ಎಷ್ಟೋ ಜನ ಕೆಳಗೆ ಇಳಿದು ಬರುವ ಹೊತ್ತಿಗೆ ಹೆಂಡತಿಯ ಚೀಲ ತಾವೇ ಹಿಡಿದುಕೊಂಡಿರುತ್ತಾರೆ.

ಆ ಅರ್ಜಿಯನ್ನು ದೊಡ್ಡಮ್ಮನಿಗೆ ತೋರಿಸಿದ್ದೆ. ಓದಿ, ಕನ್ನಡಕ ತೆಗೆದು, "ಕೊನೇಲಿ ಒಂದು ಪ್ರಶ್ನೆ ಕಮ್ಮಿ ಇದೆ," ಎಂದಳು.

"ಯಾವ್ದು?"

"ನಮ್ಮಿಂದ ನಿಮಗೆ ಏನು ಬೇಕು ಅಂತ."

"ಮಗು ಬೇಕು ಅಂತಾನೇ ಬರೋದು ದೊಡ್ಡಮ್ಮ. ಅದನ್ನೇನು ಕೇಳೋದು?"

"ಕೇಳ್ದೆ ಹೇಗೆ ಗೊತ್ತಾಗತ್ತೆ?"

ಕೇಳಿದ ಮೇಲೆ ಗೊತ್ತಾಯಿತು. ಹೆಚ್ಚಿನವರು ಮಗು ಎಂದೇ ಬರೆಯುತ್ತಾರೆ. ಆದರೆ "ನಮ್ಮ ಅತ್ತೆಯನ್ನು ಒಳಗೆ ಬಿಡಬೇಡಿ" ಎಂದು ಬರೆದವಳಿದ್ದಾಳೆ. "ನಿಜ ಹೇಳಿ" ಎಂದು ಎರಡೇ ಮಾತು ಬರೆದವಳಿದ್ದಾಳೆ. ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಒಬ್ಬಾತ "ನನ್ನ ಹೆಂಡತಿಗೆ ಇಂಜೆಕ್ಷನ್ ಕೊಡುವುದನ್ನು ನನಗೆ ಕಲಿಸಿ" ಎಂದು ಬರೆದಿದ್ದ. ಅವನನ್ನು ನೆನೆಸಿಕೊಂಡರೆ ನನಗೆ ಈಗಲೂ ಖುಷಿಯಾಗುತ್ತದೆ. ಆ ಕೊನೆಯ ಸಾಲು ಓದದೆ ನಾನು ಯಾವ ರೋಗಿಯನ್ನೂ ಒಳಗೆ ಕರೆಯುವುದಿಲ್ಲ.

ದೊಡ್ಡಪ್ಪ ತೀರಿಕೊಂಡ ಮೂರು ವರ್ಷಕ್ಕೆ, ನಮ್ಮ ಕ್ಲಿನಿಕ್ಕಿನಲ್ಲಿ ಮುಂದೆ ಕೂರುತ್ತಿದ್ದ ಹುಡುಗಿ ಮದುವೆಯಾಗಿ ಹೊರಟುಹೋದಳು. "ಇನ್ನೊಬ್ಬಳು ಸಿಗೋವರೆಗೆ ಎರಡು ದಿನ ಬಂದಿರ್ತೀನಿ," ಎಂದು ದೊಡ್ಡಮ್ಮ ಬಂದಳು. ಆ ಎರಡು ದಿನ ಹನ್ನೊಂದು ವರ್ಷವಾಯಿತು. ಮೊದಮೊದಲು ಬಸ್ಸಿನಲ್ಲಿ, ಆಮೇಲೆ ಮಾರ್ಕೆಟ್ಟಿನ ಹತ್ತಿರ ಮೆಟ್ರೋ ಹತ್ತಿ, ಸಂಪಿಗೆ ರಸ್ತೆಯಲ್ಲಿ ಇಳಿದು, ಬಟ್ಟೆಯ ಚೀಲದಲ್ಲಿ ಟಿಫನ್ ಡಬ್ಬಿ ಇಟ್ಟುಕೊಂಡು ಒಂಬತ್ತಕ್ಕೆ ಹಾಜರು. ನಮ್ಮ ಮನೆಗೇ ಬಂದು ಇರು ಎಂದರೆ, "ನನ್ನ ಮನೆ ನಂಗೆ ಚೆನ್ನಾಗಿದೆ," ಎನ್ನುತ್ತಿದ್ದಳು. ಮುಂಬಾಗಿಲ ಪಕ್ಕದ ಬೆತ್ತದ ಕುರ್ಚಿಗೆ ತಾನೇ ಹೊಲಿದ ದಿಂಬು ಹಾಕಿಕೊಂಡು ಕೂತಳೆಂದರೆ ಕ್ಲಿನಿಕ್ಕು ಅವಳದ್ದು, ನಾನು ಅಲ್ಲಿ ಕೆಲಸಕ್ಕಿದ್ದ ಡಾಕ್ಟರು.

ಅವಳ ಕೆಲಸಕ್ಕೆ ಹೆಸರಿರಲಿಲ್ಲ. ಯಾವ ಇಂಜೆಕ್ಷನ್ ಎಷ್ಟು ಹೊತ್ತಿಗೆ ಎಂದು ದಪ್ಪ ಅಕ್ಷರದಲ್ಲಿ ಬರೆದುಕೊಡುತ್ತಿದ್ದಳು. ಯಾರು ಬೆಳಗ್ಗೆಯಿಂದ ಏನೂ ತಿಂದಿಲ್ಲ ಎಂದು ಮುಖ ನೋಡಿಯೇ ಹೇಳುತ್ತಿದ್ದಳು. ಜೋರಿನ ಅತ್ತೆಯಂದಿರು ಬಂದರೆ ಅವರ ಮಂಡಿನೋವು ವಿಚಾರಿಸುತ್ತಾ ಕರೆದುಕೊಂಡು ಹೋಗಿ ದೂರದ ಬೆಂಚಿನಲ್ಲಿ ಕೂರಿಸುತ್ತಿದ್ದಳು. ಅಷ್ಟರೊಳಗೆ ಸೊಸೆ ನನ್ನ ಹತ್ತಿರ ನಾಲ್ಕು ಮಾತು ಆಡಿ ಮುಗಿಸಿರುತ್ತಿದ್ದಳು. ಲ್ಯಾಬಿನಲ್ಲಿ ಬೆಳೆದ ಭ್ರೂಣವನ್ನು ಗರ್ಭದೊಳಗೆ ಇಡುವುದನ್ನು ನಾವು ಟ್ರಾನ್ಸ್‌ಫರ್ ಎನ್ನುತ್ತೇವೆ. ಆ ದಿನ ಸ್ಕ್ಯಾನಿನಲ್ಲಿ ಸರಿಯಾಗಿ ಕಾಣಲೆಂದು ಹೆಂಗಸರು ತುಂಬಾ ನೀರು ಕುಡಿದು ಕಾಯಬೇಕು. ಆ ಒಂದು ಗಂಟೆ ಬಹಳ ಕಷ್ಟದ್ದು. ಮೂತ್ರದ ಒತ್ತಡಕ್ಕಿಂತ ಭಯದ ಒತ್ತಡ ಹೆಚ್ಚು. ದೊಡ್ಡಮ್ಮ ಪಕ್ಕದಲ್ಲಿ ಕೂತು, ಏನಾದರೂ ಹರಟುತ್ತಾ, ಒಂದೊಂದೇ ಲೋಟ ನೀರು ಬಗ್ಗಿಸಿ ಕುಡಿಸುತ್ತಿದ್ದಳು.

"ನಿಮಗೆಷ್ಟು ಮಕ್ಕಳಮ್ಮಾ?" ಎಂದು ಯಾರಾದರೂ ಕೇಳಿಯೇ ಕೇಳುತ್ತಿದ್ದರು.

"ಇಲ್ಲಮ್ಮ. ಆಗ್ಲಿಲ್ಲ. ಇನ್ನೊಂದು ಲೋಟ ಕುಡೀರಿ."

ಹಾಗೆ ಹೇಳಿದಾಗ ಎಷ್ಟೋ ಹುಡುಗಿಯರ ಭುಜ ಸಡಿಲವಾಗುವುದನ್ನು ನಾನು ಬಾಗಿಲ ಸಂದಿಯಿಂದ ನೋಡಿದ್ದೇನೆ. ಮಕ್ಕಳಾಗದೆಯೂ ಒಬ್ಬಳು ಇಸ್ತ್ರಿ ಸೀರೆ ಉಟ್ಟು, ಮಲ್ಲಿಗೆ ಮುಡಿದು, ನಗುನಗುತ್ತಾ ಕೂತಿರಬಹುದು ಎಂದು ಅವರಿಗೆ ಯಾರೂ ತೋರಿಸಿರಲಿಲ್ಲ.

ಎರಡು ವರ್ಷದ ಹಿಂದೆ ಬಸವನಗುಡಿಯಿಂದ ಒಬ್ಬ ತಾಯಿ, ಮಗಳು ಬರುತ್ತಿದ್ದರು. ಮಗಳಿಗೆ ಮೂವತ್ತಾರು, ಬ್ಯಾಂಕಿನಲ್ಲಿ ಕೆಲಸ. ಗಂಡ ಕೆಲಸದ ಮೇಲೆ ಹೊರಗೆ ಓಡಾಡುವವನು, ಅದಕ್ಕೇ ಜೊತೆಗೆ ತಾಯಿ. ಮೊದಲ ಟ್ರಾನ್ಸ್‌ಫರ್ ನಿಂತಿರಲಿಲ್ಲ. ಉಳಿದಿದ್ದದ್ದು ಒಂದೇ ಭ್ರೂಣ. ಅದನ್ನಿಡುವುದಕ್ಕೆ ಎರಡು ದಿನ ಇರುವಾಗ ತಾಯಿ ಒಬ್ಬರೇ ನನ್ನ ಕೋಣೆಗೆ ಬಂದರು.

"ತಪ್ಪು ತಿಳ್ಕೋಬೇಡಿ ಡಾಕ್ಟ್ರೇ," ಎಂದು ಶುರು ಮಾಡಿದರು. "ಮುಂದೆ ಕೂತಿರ್ತಾರಲ್ಲ, ಮಕ್ಕಳಾಗದೇ ಇರೋರು, ಅವರು ಒಳ್ಳೆಯವರೇ. ಆದ್ರೆ ಹೋದ ಸಲ ಒಳಗೆ ಬರ್ತಿದ್ದ ಹಾಗೇ ಅವರ ಮುಖಾನೇ ನೋಡಿದ್ವಿ. ಅವತ್ತು ನೀರು ಕುಡಿಸಿದ್ದೂ ಅವರೇ. ಆಮೇಲೆ ಏನಾಯ್ತು ನಿಮಗೇ ಗೊತ್ತಲ್ಲ. ಇದೊಂದೇ ಉಳಿದಿರೋದು. ಅವತ್ತೊಂದು ದಿನ ಅವರು ಅಲ್ಲಿ ಇಲ್ದೆ ಇದ್ರೆ ನನ್ನ ಮಗಳಿಗೂ ಸಮಾಧಾನ."

ನನಗೆ ಮೈ ಉರಿದುಹೋಯಿತು. ಎದ್ದು ಬಾಗಿಲು ತೋರಿಸಬೇಕಿತ್ತು. ಆದರೆ ಅವರ ಕಣ್ಣಲ್ಲಿ ನೀರಿತ್ತು, ಕೈ ಮುಗಿದಿದ್ದರು. ಮಗಳ ಮನಸ್ಸು ಶಾಂತವಾಗಿರುವುದು ಮುಖ್ಯ, ಒಂದೇ ದಿನ ತಾನೇ, ದೊಡ್ಡಮ್ಮನಿಗೆ ಗೊತ್ತೂ ಆಗುವುದಿಲ್ಲ ಎಂದು ನಾನು ಲೆಕ್ಕ ಹಾಕಿದೆ. ಇದನ್ನು ರೋಗಿಯ ಹಿತ ಎಂದು ಕರೆದುಕೊಂಡೆ. ಹೆದರಿದ್ದೆ ಎನ್ನುವುದು ಹೆಚ್ಚು ನಿಜ.

ಮಾರನೆಯ ದಿನ ದೊಡ್ಡಮ್ಮನ ಹತ್ತಿರ ಹೋಗಿ, ಆದಷ್ಟು ಮೆತ್ತಗೆ ಹೇಳಿದೆ. "ದೊಡ್ಡಮ್ಮ, ಹಿಂದಿನ ರೂಮಲ್ಲಿ ಹಳೇ ಫೈಲು ರಾಶಿ ಬಿದ್ದಿದೆ. ನಿನ್ನಷ್ಟು ಅಚ್ಚುಕಟ್ಟಾಗಿ ಜೋಡಿಸೋರು ಯಾರೂ ಇಲ್ಲ. ನಾಳೆಯಿಂದ ಸ್ವಲ್ಪ ದಿನ ಒಳಗೆ ಫೈಲು ನೋಡ್ಕೋತೀಯಾ?"

ಅವಳು ನನ್ನನ್ನು ಒಂದು ಕ್ಷಣ ನೋಡಿದಳು. "ಆಯ್ತು," ಎಂದಳು. ಸಂಜೆ ಹೊರಡುವಾಗ ಕುರ್ಚಿಯ ದಿಂಬನ್ನು ತೆಗೆದು ಹಿಂದಿನ ರೂಮಿಗೆ ಒಯ್ದಿಟ್ಟಳು.

ಒಂದೇ ದಿನ ಎಂದುಕೊಂಡದ್ದು ಎರಡು ವಾರವಾಯಿತು. ಮುಂದಿನ ಕುರ್ಚಿಗೆ ತಾತ್ಕಾಲಿಕವಾಗಿ ಬಂದ ಹುಡುಗಿ ಚುರುಕಾಗಿದ್ದಳು. ಕಂಪ್ಯೂಟರ್ ಬಲ್ಲವಳು, ಫೋನಿನಲ್ಲಿ ಇಂಗ್ಲಿಷ್ ಚೆನ್ನಾಗಿ ಮಾತಾಡುತ್ತಿದ್ದಳು. ಸಾಲು ಬೇಗ ಕರಗುತ್ತಿತ್ತು. ದೊಡ್ಡಮ್ಮನನ್ನು ಮತ್ತೆ ಮುಂದಕ್ಕೆ ಕರೆಯಬೇಕೆಂದರೆ ಯಾಕೆ ಹಿಂದಕ್ಕೆ ಕಳಿಸಿದ್ದೆ ಎಂದು ಹೇಳಬೇಕಾಗುತ್ತಿತ್ತು. ಅದಕ್ಕೆ ನನಗೆ ಬಾಯಿ ಬರಲಿಲ್ಲ. ದಿನವೂ ನಾಳೆ ಎಂದುಕೊಂಡೆ. ಅವಳು ಮಾತ್ರ ಒಂಬತ್ತಕ್ಕೆ ಬಂದು, ಕೆನ್ನೆ ಉಬ್ಬಿದ ಮಕ್ಕಳ ಕ್ಯಾಲೆಂಡರುಗಳ ಜೊತೆ ಆ ರೂಮಿನಲ್ಲಿ ಕೂತು, ಇಪ್ಪತ್ತು ವರ್ಷದ ಫೈಲುಗಳನ್ನು ವರ್ಷವಾರು ಜೋಡಿಸಿ ದಾರ ಕಟ್ಟುತ್ತಿದ್ದಳು. ಮಧ್ಯಾಹ್ನ ಜೊತೆಗೆ ಊಟ ಮಾಡುವಾಗ ಹವಾಮಾನ, ಮೆಟ್ರೋದ ನೂಕುನುಗ್ಗಲು, ಸೊಪ್ಪಿನ ರುಚಿ, ಇಷ್ಟೇ ಮಾತು. ನನ್ನ ಹತ್ತಿರ ಅವಳು ಅಷ್ಟು ಮರ್ಯಾದೆಯಿಂದ ಯಾವತ್ತೂ ನಡೆದುಕೊಂಡಿರಲಿಲ್ಲ.

ಎರಡನೆಯ ವಾರದ ಶನಿವಾರ, ಮಧ್ಯಾಹ್ನದ ರೋಗಿಗಳ ಫೈಲುಗಳನ್ನು ಸಿಸ್ಟರ್ ನನ್ನ ಮೇಜಿನ ಮೇಲೆ ಇಟ್ಟಿದ್ದರು. ಕೊನೆಯದು ಹೊಸ ಫೈಲು. ತೆರೆದೆ. ಕೈಬರಹ ನೋಡಿದ ಕೂಡಲೇ ಗೊತ್ತಾಯಿತು. ಆ ಕೈಬರಹದ ಮೇಲೆ ಅಕ್ಷರ ತಿದ್ದಿಯೇ ನಾನು ಬರೆಯಲು ಕಲಿತದ್ದು.

ವಯಸ್ಸು: ಎಪ್ಪತ್ತೆಂಟು.

ಮದುವೆಯಾಗಿ ಎಷ್ಟು ವರ್ಷ: ಐವತ್ತೈದು. ಜೊತೆಯಲ್ಲಿ ಇದ್ದದ್ದು ನಲವತ್ತೊಂದು.

ಉದ್ಯೋಗ: ಶಾಲೆಯಲ್ಲಿ ಪಾಠ. ನಂತರ ಇಲ್ಲಿ ಮುಂದೆ ಕೂರುವುದು. ಸದ್ಯ ಫೈಲು.

ಹಿಂದಿನ ಚಿಕಿತ್ಸೆ: ಡಿ ಅಂಡ್ ಸಿ ಎಂದು ಎರಡು ಸಲ ಗರ್ಭಕೋಶ ಕೆರೆಸಿದ್ದು. ನಾಗರಪ್ರತಿಷ್ಠೆ. ಅರಳಿಮರ ಸುತ್ತಿದ್ದು, ಎಷ್ಟು ಸುತ್ತು ನೆನಪಿಲ್ಲ. ಯಾರೋ ಕೊಟ್ಟ ಬೇರಿನ ಪುಡಿ, ಬಹಳ ಕಹಿ.

ಗಂಡನ ಪರೀಕ್ಷೆ: ಆಗಲಿಲ್ಲ. ಮಾಡಿಸಿ ಎಂದು ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಮಕ್ಕಳು ಎನ್ನುವ ಸಾಲು ಖಾಲಿ ಇತ್ತು. ಎಲ್ಲ ಸಾಲನ್ನೂ ತುಂಬಿದವಳು ಅದೊಂದನ್ನು ಬಿಟ್ಟಿದ್ದಳು.

ಕೊನೆಯಲ್ಲಿ, ನಮ್ಮಿಂದ ನಿಮಗೆ ಏನು ಬೇಕು ಎನ್ನುವುದರ ಮುಂದೆ, "ನನ್ನ ಕುರ್ಚಿ" ಎಂದು ಬರೆದಿತ್ತು.

ಹಾಳೆಯನ್ನು ಮೊದಲಿನಿಂದ ಇನ್ನೊಂದು ಸಲ ಓದಿದೆ. ಸಿಸ್ಟರ್ ಬಾಗಿಲಲ್ಲಿ ಇಣುಕಿ, "ಕೊನೇ ಪೇಷೆಂಟ್ ಕಳಿಸ್ಲಾ ಮೇಡಂ?" ಎಂದು ಕೇಳಿದರು. ಅವರ ಮುಖದಲ್ಲಿ ನಗುವಿರಲಿಲ್ಲ. ಕ್ಲಿನಿಕ್ಕಿಗೆಲ್ಲ ಗೊತ್ತಿದ್ದ ವಿಷಯ ನನ್ನೊಬ್ಬಳಿಂದಲೇ ಮುಚ್ಚಿಟ್ಟ ಹಾಗಿತ್ತು.

ದೊಡ್ಡಮ್ಮ ಬಂದು ರೋಗಿಗಳು ಕೂರುವ ಕುರ್ಚಿಯಲ್ಲಿ ಕೂತಳು. ಬಟ್ಟೆಯ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

"ಏನಿದು ದೊಡ್ಡಮ್ಮ?"

"ಪೇಷೆಂಟ್ ಬಂದಾಗ ಏನಿದು ಅಂತೀರಾ ಡಾಕ್ಟ್ರೇ?"

ನಾನು ಹಾಳೆಯನ್ನು ಮೇಜಿನ ಮೇಲಿಟ್ಟೆ. ಅವಳೇ ಮುಂದುವರಿಸಿದಳು. "ಆ ಬಸವನಗುಡಿಯವರು ನಿನ್ನ ರೂಮಿಗೆ ಹೋಗಿ ಬಂದ್ಮೇಲೆ ನನ್ನ ಮುಖ ನೋಡ್ಲಿಲ್ಲ. ನೀನೂ ನೋಡ್ಲಿಲ್ಲ. ಅವತ್ತೇ ಗೊತ್ತಾಯ್ತು."

"ಮತ್ತೆ ಯಾಕೆ ಕೇಳ್ಲಿಲ್ಲ ನನ್ನ? ಬಯ್ಬೇಕಿತ್ತು."

"ನಮ್ಮಮ್ಮ ಕಾಫಿ ನೋಡ್ಕೋ ಅಂದಾಗ್ಲೂ ಕೇಳ್ಲಿಲ್ಲ ಪುಟ್ಟಿ. ಆಮೇಲೆ ನಲವತ್ತೇಳು ವರ್ಷ ಅದನ್ನ ಒಳಗೇ ಇಟ್ಕೊಂಡಿದ್ದೆ. ಇದನ್ನೂ ಇಟ್ಕೊಳೋಕೆ ಜಾಗ ಇಲ್ಲ. ಅದಕ್ಕೇ ಬರ್ದು ಕೊಟ್ಟೆ."

ಕಾಫಿ ನೋಡ್ಕೋ. ಫೈಲು ನೋಡ್ಕೋ. ನಾನು ಆಡಿದ ಮಾತು ನನಗೆ ಅಲ್ಲಿಯವರೆಗೆ ಕೇಳಿಸಿರಲೇ ಇಲ್ಲ. ಅಜ್ಜಿಯ ಮೇಲೆ ಜೀವಮಾನವಿಡೀ ಸಿಟ್ಟು ಹೊತ್ತುಕೊಂಡು ತಿರುಗಿದವಳು ನಾನೇ, ಅದೇ ಮೆತ್ತನೆಯ ದನಿಯಲ್ಲಿ, ಅದೇ ಕೆಲಸ ಮಾಡಿದ್ದೆ. ನಾಚಿಕೆಯಿಂದ ನನಗೆ ಅಳು ಬಂತು. ಮೇಜಿನ ಮೇಲೆ ರೋಗಿಗಳಿಗಾಗಿ ಇಟ್ಟಿರುವ ಟಿಶ್ಯೂ ಡಬ್ಬಿಯನ್ನು ದೊಡ್ಡಮ್ಮ ನನ್ನ ಕಡೆ ತಳ್ಳಿದಳು. ಆ ಡಬ್ಬಿಯನ್ನು ಅಲ್ಲಿ ಇಡಿಸಿದವಳೂ ಅವಳೇ.

"ತಪ್ಪಾಯ್ತು," ಎಂದೆ.

"ನಮ್ಮಮ್ಮ ಓದಿರ್ಲಿಲ್ಲ, ಪಾಪ. ಅವಳಿಗೆ ಬೇರೆ ಥರ ಮಾಡೋದು ಗೊತ್ತಿರ್ಲಿಲ್ಲ," ಎಂದಳು. "ನಿಂಗೆ ಗೊತ್ತು. ಅದಕ್ಕೇ ನಿನ್ನ ಮೇಲೆ ಜಾಸ್ತಿ ಕೋಪ."

ಮೂಗು ಒರೆಸಿಕೊಳ್ಳುತ್ತಾ ಹಾಳೆ ತೋರಿಸಿದೆ. "ಇದೊಂದು ಸಾಲು ಖಾಲಿ ಬಿಟ್ಟಿದ್ದೀಯಲ್ಲ. ಖಾಲಿ ಬಿಡಬಾರ್ದು ಅಂತ ನೀನೇ ಹೇಳ್ತಿದ್ದೆ."

"ಯೋಚ್ನೆ ಮಾಡ್ತಿದೀನಿ," ಎಂದು ಎದ್ದು, ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಹೋದಳು.

ಸೋಮವಾರ ನಾನು ಎಂಟೂವರೆಗೇ ಹೋದೆ. ಹಿಂದಿನ ರೂಮಿನಿಂದ ದಿಂಬು ತಂದು, ದೂಳು ಕೊಡವಿ, ಬೆತ್ತದ ಕುರ್ಚಿಯ ಮೇಲಿಟ್ಟೆ. ಕಂಪ್ಯೂಟರಿನ ಹುಡುಗಿಗೆ ಪಕ್ಕದಲ್ಲೇ ಇನ್ನೊಂದು ಮೇಜು ಹಾಕಿಸಿದೆ. ಒಂಬತ್ತಕ್ಕೆ ದೊಡ್ಡಮ್ಮ ಬಂದಳು. ಕುರ್ಚಿ ನೋಡಿದಳು, ನನ್ನನ್ನು ನೋಡಿದಳು, ಕೂತಳು. ಆದರೆ ಮುಖದ ಬಿಗುವು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಯಾಕೆಂದು ನನಗೂ ಗೊತ್ತಿತ್ತು. ಆ ಬಸವನಗುಡಿಯ ಮಗಳು ಗರ್ಭ ನಿಂತಿದೆಯೋ ಇಲ್ಲವೋ ನೋಡುವ ರಕ್ತಪರೀಕ್ಷೆಗೆ ಬರಬೇಕಿದ್ದದ್ದು ಅವತ್ತೇ.

ಹತ್ತೂವರೆಗೆ ಬಂದರು. ತಾಯಿ ಬಾಗಿಲಲ್ಲೇ ನಿಂತುಬಿಟ್ಟರು. ಹಾಲಿನಲ್ಲಿ ಏಳೆಂಟು ಜನ ಕೂತಿದ್ದರು. ನಾನು ನನ್ನ ಕೋಣೆಯಿಂದ ಹೊರಗೆ ಬಂದೆ. ದೊಡ್ಡಮ್ಮನ ಕುರ್ಚಿಯ ಪಕ್ಕ ಹೋಗಿ ನಿಂತೆ.

"ಅಮ್ಮಾ, ನಾನು ನಿಮ್ಮ ಮಾತು ಕೇಳಿ ಒಂದು ತಪ್ಪು ಮಾಡಿದೆ," ಎಂದೆ, ಎಲ್ಲರಿಗೂ ಕೇಳಿಸುವ ಹಾಗೆ. "ಇವರು ನನ್ನ ದೊಡ್ಡಮ್ಮ. ಇವರಿಗೆ ಮಕ್ಕಳಾಗ್ಲಿಲ್ಲ. ಇಲ್ಲಿ ಬರೋರೆಲ್ಲ ಮೊದಲು ಇವರನ್ನೇ ನೋಡ್ಬೇಕು, ಇವರ ಹತ್ರಾನೇ ಮಾತಾಡ್ಬೇಕು. ಅದು ನಿಮಗೆ ಆಗಲ್ಲ ಅಂದ್ರೆ ನಿಮ್ಮ ಫೈಲು ಕೊಡ್ತೀನಿ, ಬೇರೆ ಒಳ್ಳೇ ಡಾಕ್ಟರಿಗೆ ನಾನೇ ಕಾಗದ ಬರ್ದು ಕೊಡ್ತೀನಿ. ಕುರ್ಚಿ ಮಾತ್ರ ಅಲ್ಲಿಂದ ಎತ್ತಲ್ಲ."

ತಾಯಿಯ ಮುಖ ಕೆಂಪಾಯಿತು. ಮಗಳ ಕೈ ಹಿಡಿದು ಎಳೆದರು. ಮಗಳು ಕದಲಲಿಲ್ಲ. ನನ್ನನ್ನೇ ನೋಡುತ್ತಾ ನಿಂತಿದ್ದಳು.

"ಅಮ್ಮ ಬಂದು ಹೇಳಿದ್ರಾ? ಇವರನ್ನ ಒಳಗೆ ಕಳ್ಸಿ ಅಂತ?" ಎಂದು ಕೇಳಿದಳು.

ನಾನು ತಲೆಯಾಡಿಸಿದೆ.

"ನನ್ನ ಒಂದು ಮಾತು ಕೇಳ್ಬೇಕಿತ್ತಲ್ಲ ಡಾಕ್ಟ್ರೇ," ಎಂದಳು. ದನಿಯಲ್ಲಿ ಜೋರಿರಲಿಲ್ಲ, ದಣಿವಿತ್ತು. "ಹೋದ ಸಲ ಇವರು ಪಕ್ಕದಲ್ಲಿ ಕೂತು ಒಂದೊಂದೇ ಲೋಟ ಕುಡಿಸಿದ್ರು. ಈ ಸಲ ಬಾಟ್ಲು ಕೈಗೆ ಕೊಟ್ಟು ಕೂರಿಸಿಬಿಟ್ರಿ. ಒಬ್ಬಳೇ ಕೂತು ಎಷ್ಟು ಹೆದರ್ಕೊಂಡೆ ಗೊತ್ತಾ? ಇವರನ್ನೇ ಹುಡುಕ್ತಿದ್ದೆ."

ಇಡೀ ಕ್ಲಿನಿಕ್ಕಿಗೆ ಕೇಳಿ ಎಂದು ಪಾಠ ಮಾಡುವವಳು, ಕೇಳಬೇಕಾದವಳನ್ನೇ ಕೇಳಿರಲಿಲ್ಲ. ನಾನು ಅವಳ ಕ್ಷಮೆ ಕೇಳಿದೆ. ಅವಳು ದೊಡ್ಡಮ್ಮನ ಪಕ್ಕದ ಸ್ಟೂಲಿನಲ್ಲಿ ಕೂತು, ಚೂಡಿದಾರದ ತೋಳು ಮೇಲೆ ಸರಿಸಿ, "ಇಲ್ಲೇ ರಕ್ತ ತಗೊಳಕ್ಕೆ ಹೇಳಿ," ಎಂದಳು. ಸೂಜಿ ಚುಚ್ಚುವಾಗ ದೊಡ್ಡಮ್ಮ ಅವಳ ಇನ್ನೊಂದು ಕೈ ಹಿಡಿದುಕೊಂಡು, "ಬೆಳಗ್ಗೆ ಏನು ತಿಂದ್ರಿ? ಮುಖ ನೋಡಿದ್ರೆ ಏನೂ ತಿಂದಿಲ್ಲ ಅನ್ಸತ್ತೆ," ಎಂದು ವಿಚಾರಿಸುತ್ತಿದ್ದಳು. ತಾಯಿ ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಿದ್ದರು. ಆಮೇಲೆ ಬಂದು ದೂರದ ಬೆಂಚಿನಲ್ಲಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು. ಅವರ ಮೇಲೂ ನನಗೆ ಆಗ ಸಿಟ್ಟು ಉಳಿದಿರಲಿಲ್ಲ. ಮಗಳಿಗಾಗಿ ಏನನ್ನಾದರೂ ದೂರ ಮಾಡಿದರೆ ಸಾಕು ಎಂದು ಹುಡುಕುವಷ್ಟು ಹೆದರಿದ್ದ ಹೆಂಗಸು ಆಕೆ.

ಆ ಪರೀಕ್ಷೆಯ ಫಲ ಏನು ಬಂತು ಎಂದು ನಾನು ಬರೆಯುವುದಿಲ್ಲ. ಅದು ಅವಳ ಫೈಲು. ಸಂಜೆ ನಾಲ್ಕಕ್ಕೆ, ಎಂದಿನ ಹಾಗೆ ನಾನೇ ಫೋನ್ ಮಾಡಿ ಅವಳಿಗೇ ಹೇಳಿದೆ ಎನ್ನುವುದಷ್ಟೇ ಸಾಕು.

ಮಧ್ಯಾಹ್ನ ಹಾಲು ಖಾಲಿಯಾದ ಮೇಲೆ ದೊಡ್ಡಮ್ಮ ನನ್ನ ಕೋಣೆಗೆ ಬಂದಳು. "ನನ್ನ ಅರ್ಜಿ ಕೊಡು," ಎಂದಳು. ಡ್ರಾಯರಿನಿಂದ ತೆಗೆದುಕೊಟ್ಟೆ. ಮೇಜಿನ ಮೇಲಿದ್ದ ನನ್ನ ಪೆನ್ನು ಎತ್ತಿಕೊಂಡು, ನಿಂತೇ ಏನೋ ಬರೆದು, ಹಾಳೆಯನ್ನು ಮಗುಚಿಟ್ಟು, "ಊಟಕ್ಕೆ ಬಾ, ಹುಳಿ ಆರಿಹೋಗತ್ತೆ," ಎಂದು ಹೊರಗೆ ಹೋದಳು.

ನಾನು ಹಾಳೆ ತಿರುಗಿಸಿದೆ. ಖಾಲಿ ಬಿಟ್ಟಿದ್ದ ಸಾಲು ತುಂಬಿತ್ತು.

ಮಕ್ಕಳು: ಒಂದು. ಹೆಣ್ಣು. ವಯಸ್ಸು ಐವತ್ತಾರು.